ಕ್ರೈಸ್ತ ತಪಸ್ಸುಕಾಲ ಮತ್ತು ಉಪವಾಸ: ಒಂದು ವಿವೇಚನೆ

ಕನ್ನಡ ಕ್ರೈಸ್ತರ ಧಾರ್ಮಿಕ ಪರಿಭಾಷೆಯಲ್ಲಿ ಉಪವಾಸಕ್ಕೆ ಸಂಬಂಧಿಸಿದಂತೆ ಮೂರು ಮಾತುಗಳು ಮುಖ್ಯವಾಗಿವೆ: ಉಪವಾಸ, ತಪಸ್ಸುಕಾಲ ಮತ್ತು ವಿಭೂತಿ ಬುಧವಾರ. ಕ್ರೈಸ್ತ ಧರ್ಮ ಕನ್ನಡ ನಾಡಿಗೆ ಬರುವುದಕ್ಕೆ ಶತಮಾನಗಳ ಮೊದಲೇ ಉಪವಾಸ, ತಪಸ್ಸು, ವಿಭೂತಿ ಎಂಬ ಪದಗಳು ವೈದಿಕ, ಜೈನ, ಶೈವ ಪರಂಪರೆಗಳಲ್ಲಿ ತಮ್ಮದೇ ಅರ್ಥಗಳನ್ನು ಪಡೆದಿದ್ದವು. ಬೇರೊಂದು ನೆಲದಲ್ಲಿ ರೂಪುಗೊಂಡ ಆಚರಣೆಯೊಂದು ಈ ಪದಗಳನ್ನು ಸ್ವೀಕರಿಸಿದಾಗ ಹಳೆಯ ಅರ್ಥ ಎಷ್ಟು ಉಳಿಯಿತು, ಹೊಸತು ಎಷ್ಟು ಸೇರಿತು ಎಂಬುದು ಭಾಷೆ ಮತ್ತು ಸಂಸ್ಕೃತಿಗಳ ಅಧ್ಯಯನಕಾರರು ಗಮನಿಸಬೇಕಾದ ವಿಷಯ. ಕ್ರೈಸ್ತ ಉಪವಾಸವನ್ನು ಸಾಮಾನ್ಯವಾಗಿ ಮಾಂಸ ಬಿಡುವ ನಿಯಮವೆಂದೋ, ಪಾಪಕ್ಕೆ ಪ್ರಾಯಶ್ಚಿತ್ತವೆಂದೋ ಸಂಗ್ರಹವಾಗಿ ಹೇಳಿಬಿಡುವುದುಂಟು. ಆದರೆ ಅದರ ಚರಿತ್ರೆಯನ್ನು ಪರಿಶೀಲಿಸಿದರೆ ಬೇರೊಂದು ಸೂತ್ರ ಕಾಣುತ್ತದೆ. ತಾನು ಉಣ್ಣದೆ ಬಿಟ್ಟ ಅನ್ನ ಯಾರಿಗೆ ಸಲ್ಲಬೇಕು ಎಂಬ ಪ್ರಶ್ನೆಯೇ ಆ ಸೂತ್ರ. ಈ ಪ್ರಶ್ನೆ ಮರೆತುಹೋದಾಗಲೆಲ್ಲ ಉಪವಾಸ ಬರಿಯ ಪಥ್ಯವಾಗಿದೆ. ನೆನಪಾದಾಗ ಸುಧಾರಣೆಗೆ ಒಳಗಾಗಿದೆ.

1. ಪದಗಳ ಹಿನ್ನೆಲೆ

ಹೀಬ್ರೂ ಭಾಷೆಯ 'ತ್ಸೋಮ್' ಮತ್ತು ಗ್ರೀಕಿನ 'ನೇಸ್ಟೇಯಾ' ಎಂಬ ಪದಗಳು ಉಣ್ಣದಿರುವ ಕ್ರಿಯೆಯನ್ನು ನೇರವಾಗಿ ಸೂಚಿಸುತ್ತವೆ. ಕನ್ನಡ ಬೈಬಲಿನ ಅನುವಾದಗಳಲ್ಲಿ ಇವುಗಳಿಗೆ ಸಂವಾದಿಯಾಗಿ ಬಂದಿರುವ 'ಉಪವಾಸ' ಪದದ ಮೂಲಾರ್ಥದಲ್ಲಿ ಆಹಾರದ ಪ್ರಸ್ತಾಪವೇ ಇಲ್ಲ. 'ಸಮೀಪದಲ್ಲಿ ವಾಸಿಸುವುದು' ಎಂಬುದಷ್ಟೇ ಅದರ ಅರ್ಥ. ಶತಪಥ ಬ್ರಾಹ್ಮಣದ ಆರಂಭದಲ್ಲಿಯೇ ಈ ಪದಕ್ಕೆ ವಿವರಣೆ ದೊರೆಯುತ್ತದೆ. ಮರುದಿನ ಯಜ್ಞ ಮಾಡಬೇಕೆಂದು ಯಜಮಾನನು ವ್ರತ ಹಿಡಿದಾಗ ದೇವತೆಗಳು ಅವನ ಮನಸ್ಸನ್ನು ತಿಳಿದು ಅವನ ಮನೆಗೆ ಬಂದು ಸಮೀಪದಲ್ಲಿ ವಾಸಿಸುತ್ತಾರೆ. ಮನೆಗೆ ಬಂದ ಮನುಷ್ಯ ಅತಿಥಿಗಳು ಉಣ್ಣುವ ಮೊದಲು ಮನೆಯವನು ಉಣ್ಣುವುದು ಸಲ್ಲದು. ದೇವತೆಗಳೇ ಅತಿಥಿಗಳಾಗಿರುವಾಗ ಅದು ಇನ್ನಷ್ಟು ಸಲ್ಲದು. ಹೀಗೆ ಊಟವನ್ನು ಬಿಡುವುದಕ್ಕೆ ಅಲ್ಲಿ ಕೊಟ್ಟಿರುವ ಕಾರಣ ದೇಹದಂಡನೆಯಲ್ಲ, ಅತಿಥಿ ಮರ್ಯಾದೆ.

ದ್ರಾವಿಡ ಭಾಷೆಗಳಲ್ಲಿ ಇದೇ ಆಚರಣೆಗೆ ಮತ್ತೊಂದು ಪದವಿದೆ. ತಮಿಳಿನ 'ನೋನ್ಬು', ಮಲೆಯಾಳದ 'ನೋಂಬು', ಹಳಗನ್ನಡದ 'ನೋಂಪಿ' ಇವು ಒಂದೇ ಧಾತುವಿಗೆ ಸೇರಿದವು. ಸಹಿಸು, ವ್ರತವನ್ನು ಹಿಡಿದು ನಡೆಸು ಎಂಬುದು ಧಾತ್ವರ್ಥ. ಕನ್ನಡದಲ್ಲಿ ನೋಂಪಿ ಎಂಬುದು ಜೈನ ವ್ರತಕಥೆಗಳೊಂದಿಗೆ ಗಾಢವಾಗಿ ಬೆಸೆದುಕೊಂಡು ಕ್ರಮೇಣ ಸಾಮಾನ್ಯ ಬಳಕೆಯಿಂದ ಹಿಂದೆ ಸರಿಯಿತು. ಮಲೆಯಾಳದಲ್ಲಿ ಮಾತ್ರ ಅದೇ ಪದ ಸಿರಿಯನ್ ಕ್ರೈಸ್ತರ ಐವತ್ತು ದಿನಗಳ ವ್ರತಕ್ಕೂ ಮುಸ್ಲಿಮರ ರಂಜಾನ್ ವ್ರತಕ್ಕೂ ಸಮಾನವಾಗಿ ಸಲ್ಲುತ್ತದೆ. ದಕ್ಷಿಣ ಕನ್ನಡದ ಬ್ಯಾರಿ ಭಾಷೆಯಲ್ಲೂ ರಂಜಾನ್ ಉಪವಾಸಕ್ಕೆ ನೋಂಬು ಎಂಬ ಹೆಸರೇ ಇದೆ.

ಈ ವ್ರತಾವಧಿಯ ಹೆಸರುಗಳೂ ಭಿನ್ನವಾಗಿವೆ. ಲ್ಯಾಟಿನ್ನಿನ 'ಕ್ವಾದ್ರಾಜೆಸಿಮಾ' ಎಂದರೆ ನಲವತ್ತನೆಯದು. ಅದರಿಂದ ಪೋರ್ಚುಗೀಸಿನ 'ಕ್ವರೆಜ್ಮ'ವೂ ಅಲ್ಲಿಂದ ಮಂಗಳೂರಿನ ಕೊಂಕಣಿ ಕ್ರೈಸ್ತರ 'ಕರೆಜ್ಮ್' ಎಂಬ ಮಾತೂ ಬಂದಿವೆ. ಇಂಗ್ಲಿಷಿನ 'ಲೆಂಟ್' ವಸಂತ ಋತುವನ್ನು ಸೂಚಿಸುವ ಹಳೆಯ ಪದ. ಹಗಲು ದೀರ್ಘವಾಗುವ ಕಾಲ ಎಂಬ ಅರ್ಥ ಅದರಲ್ಲಿ ಅಡಗಿದೆ. ಒಂದು ಹೆಸರು ಸಂಖ್ಯೆಯನ್ನೂ ಇನ್ನೊಂದು ಋತುವನ್ನೂ ಹೇಳಿದರೆ, ಕನ್ನಡ ಕಥೋಲಿಕರ 'ತಪಸ್ಸುಕಾಲ' ಎಂಬ ಹೆಸರು ಸಾಧನೆಯ ಸ್ವರೂಪವನ್ನೇ ಹೇಳುತ್ತದೆ.

2. ಮದಲಿಂಗನ ರೂಪಕ

ಸುವಾರ್ತೆಗಳಲ್ಲಿ ಉಪವಾಸದ ಪ್ರಸ್ತಾಪ ಬರುವ ಸಂದರ್ಭಗಳಲ್ಲಿ ಮಾರ್ಕನ 2ನೇ ಅಧ್ಯಾಯದ ಸಂವಾದ ಬಹಳ ಮುಖ್ಯವಾದುದು. ಯೋಹಾನನ ಶಿಷ್ಯರೂ ಫರಿಸಾಯರೂ ಉಪವಾಸ ಮಾಡುತ್ತಿರುವಾಗ ಯೇಸುವಿನ ಶಿಷ್ಯರೇಕೆ ಮಾಡುವುದಿಲ್ಲವೆಂಬ ಪ್ರಶ್ನೆ ಏಳುತ್ತದೆ. ಮದಲಿಂಗನು ಜೊತೆಯಲ್ಲಿರುವಾಗ ಮದುವೆಗೆ ಬಂದವರು ಉಪವಾಸ ಮಾಡುವುದಿಲ್ಲ, ಅವನು ಅಗಲಿಹೋಗುವ ದಿನ ಬಂದಾಗ ಮಾಡುವರು ಎಂಬುದು ಯೇಸು ನೀಡಿದ ಉತ್ತರದ ತಾತ್ಪರ್ಯ. ಇಲ್ಲಿ ಅನುವಾದದ ದೃಷ್ಟಿಯಿಂದ ಕುತೂಹಲಕರವಾದ ಒಂದು ವೈದೃಶ್ಯವಿದೆ. ವೈದಿಕ ವಿವರಣೆಯಲ್ಲಿ ದೇವತೆ ಸಮೀಪಕ್ಕೆ ಬಂದಿರುವುದರಿಂದ ಯಜಮಾನನು ಉಣ್ಣುವುದಿಲ್ಲ. ಸುವಾರ್ತೆಯಲ್ಲಿ ದೇವಪುರುಷನು ಸಮೀಪದಲ್ಲಿರುವುದರಿಂದಲೇ ಶಿಷ್ಯರು ಉಣ್ಣುತ್ತಾರೆ. ಅಗಲಿಕೆಯಲ್ಲಿ ಊಟ ಬಿಡುತ್ತಾರೆ. ಸಾಮೀಪ್ಯವನ್ನು ಹೇಳುವ ಪದವೊಂದು ಕನ್ನಡದಲ್ಲಿ ಅಗಲಿಕೆಯ ಆಚರಣೆಗೆ ಹೆಸರಾಗಿದೆ.

ಈ ವೈದೃಶ್ಯ ಮೇಲ್ನೋಟಕ್ಕೆ ಕಾಣುವಷ್ಟು ಪೂರ್ಣವಾದುದಲ್ಲ. ಅಗಲಿದ ಮದಲಿಂಗನನ್ನು ಎಲ್ಲಿ ಕಾಣಬೇಕೆಂಬ ಪ್ರಶ್ನೆಗೆ ಮತ್ತಾಯನ 25ನೇ ಅಧ್ಯಾಯದಲ್ಲಿ ಉತ್ತರವಿದೆ. ಹಸಿದವನಿಗೆ ಉಣಬಡಿಸಿದ್ದು, ಪರದೇಶಿಗೆ ಆಶ್ರಯವಿತ್ತದ್ದು ತನಗೇ ಮಾಡಿದಂತೆ ಎಂದು ಕ್ರಿಸ್ತನು ಅಲ್ಲಿ ಹೇಳುತ್ತಾನೆ. ಈ ಎರಡು ಅಧ್ಯಾಯಗಳನ್ನು ಜೋಡಿಸಿ ಓದಿದರೆ ಕ್ರೈಸ್ತ ಉಪವಾಸದಲ್ಲೂ ಒಬ್ಬ ಅತಿಥಿ ಇರುವುದು ಗೋಚರಿಸುತ್ತದೆ. ಆ ಅತಿಥಿ ಹಸಿದವನು.

5ನೇ ಶತಮಾನದ ಜಾನ್ ಕ್ಯಾಸಿಯನ್ ದಾಖಲಿಸಿರುವ ಪ್ರಸಂಗವೊಂದು ಇದಕ್ಕೆ ನಿದರ್ಶನ. ಈಜಿಪ್ಟಿನ ಮಠಗಳನ್ನು ಸಂದರ್ಶಿಸಲು ಹೋದ ಅವನಿಗೂ ಅವನ ಸಂಗಾತಿಗೂ ಅಲ್ಲಿಯ ಹಿರಿಯರು ಉಪವಾಸದ ದಿನದಲ್ಲೂ ನಿಯಮವನ್ನು ಸಡಿಲಿಸಿ ಊಟ ಬಡಿಸುತ್ತಿದ್ದರು. ಕಾರಣ ಕೇಳಿದಾಗ ಒಬ್ಬ ಹಿರಿಯನು, ಉಪವಾಸವು ಸದಾ ತನ್ನೊಡನಿರುತ್ತದೆ, ಅತಿಥಿಗಳು ಇರುವುದಿಲ್ಲ. ಅತಿಥಿಯಲ್ಲಿ ಕ್ರಿಸ್ತನನ್ನೇ ಸ್ವಾಗತಿಸಬೇಕು ಎಂದು ವಿವರಿಸಿ ಮದಲಿಂಗನ ಮಾತನ್ನು ನೆನಪಿಸಿದನಂತೆ. ಕಠೋರ ಸಾಧನೆಗೆ ಹೆಸರಾದ ಮರುಭೂಮಿಯ ಮುನಿಗಳಲ್ಲೇ ಉಪವಾಸಕ್ಕಿಂತ ಅತಿಥಿಗೆ ಹೆಚ್ಚಿನ ಸ್ಥಾನವಿದ್ದುದು ಗಮನಾರ್ಹ.

3. ನಲವತ್ತು ದಿನಗಳು ರೂಪುಗೊಂಡ ಬಗೆ

ಆದಿ ಕ್ರೈಸ್ತ ಸಭೆಯಲ್ಲಿ ನಲವತ್ತು ದಿನಗಳ ವ್ರತ ಇರಲಿಲ್ಲ. ಸಭೆಯ ಅತ್ಯಂತ ಹಳೆಯ ನಿಯಮಗ್ರಂಥಗಳಲ್ಲಿ ಒಂದಾದ 'ದಿದಾಖೆ' ವಾರದಲ್ಲಿ ಬುಧವಾರ ಮತ್ತು ಶುಕ್ರವಾರಗಳ ಉಪವಾಸವನ್ನು ವಿಧಿಸುತ್ತದೆ. ದೀಕ್ಷಾಸ್ನಾನ ಪಡೆಯುವವನೂ ಕೊಡುವವನೂ ಮೊದಲೇ ಉಪವಾಸ ಮಾಡಬೇಕು, ಸಾಧ್ಯವಾದ ಇತರರೂ ಮಾಡಬೇಕು ಎಂದು ಅದೇ ಗ್ರಂಥ ಹೇಳುತ್ತದೆ. 2ನೇ ಶತಮಾನದ ಜಸ್ಟಿನನೂ ದೀಕ್ಷಾರ್ಥಿಗಳ ಜೊತೆ ಇಡೀ ಸಮುದಾಯ ಉಪವಾಸವಿರುವುದನ್ನು ಉಲ್ಲೇಖಿಸುತ್ತಾನೆ. ಅಂದರೆ ಮತ್ತೊಬ್ಬನ ಸಲುವಾಗಿ, ಅವನೊಂದಿಗೆ ಹಸಿದಿರುವುದು ಈ ಆಚರಣೆಯ ಮೊದಲ ಹಂತದಲ್ಲಿಯೇ ಇದೆ.

ಪುನರುತ್ಥಾನದ ಹಬ್ಬಕ್ಕೆ ಮೊದಲಿನ ಉಪವಾಸ ಎಷ್ಟು ದಿನದ್ದೆಂಬುದರ ಬಗೆಗೆ ಏಕಾಭಿಪ್ರಾಯವಿರಲಿಲ್ಲ. ಒಂದು ದಿನ, ಎರಡು ದಿನ, ಅದಕ್ಕೂ ಹೆಚ್ಚು ದಿನ ಎಂದು ಬೇರೆಬೇರೆ ಪದ್ಧತಿಗಳಿದ್ದುದನ್ನು 2ನೇ ಶತಮಾನದ ಕೊನೆಯಲ್ಲಿ ಐರಿನೇಯಸನು ಬರೆದ ಪತ್ರ ತಿಳಿಸುತ್ತದೆ. 325ರ ನೈಸಿಯಾ ಮಹಾಸಭೆಯ 5ನೇ ನಿಯಮದಲ್ಲಿ ನಲವತ್ತರ ಕಾಲವೊಂದರ ಉಲ್ಲೇಖವಿದೆ. 4ನೇ ಶತಮಾನ ಮುಗಿಯುವಷ್ಟರಲ್ಲಿ ಅದು ಬಹುಮಟ್ಟಿಗೆ ಎಲ್ಲೆಡೆ ಸ್ವೀಕೃತವಾಯಿತು. ಸಿನಾಯ್ ಬೆಟ್ಟದ ಮೇಲೆ ಮೋಶೆಯ ನಲವತ್ತು ದಿನ, ಹೋರೇಬಿಗೆ ಎಲೀಯನ ನಲವತ್ತು ದಿನದ ನಡಿಗೆ, ಅಡವಿಯಲ್ಲಿ ಯೇಸುವಿನ ನಲವತ್ತು ದಿನದ ಉಪವಾಸ ಇವು ಈ ಸಂಖ್ಯೆಗೆ ಆಧಾರವಾದವು.

ಸಂಖ್ಯೆ ಒಂದೇ ಆದರೂ ಎಣಿಕೆ ಒಂದೇ ಆಗಲಿಲ್ಲ. 4ನೇ ಶತಮಾನದ ಕೊನೆಗೆ ಜೆರುಸಲೇಮಿಗೆ ಯಾತ್ರೆ ಹೋದ ಎಜೇರಿಯಾ ಎಂಬ ಮಹಿಳೆ ಅಲ್ಲಿ ಎಂಟು ವಾರಗಳ ಆಚರಣೆಯನ್ನು ಕಂಡಳು. ರೊಟ್ಟಿಯನ್ನೂ ಎಣ್ಣೆಯನ್ನೂ ಬಿಟ್ಟು ನೀರು ಮತ್ತು ತೆಳುವಾದ ಹಿಟ್ಟಿನ ಗಂಜಿಯಲ್ಲಿ ಇರುತ್ತಿದ್ದವರನ್ನು ಅವಳು ವರ್ಣಿಸಿದ್ದಾಳೆ. ಹೆಚ್ಚು ಮಾಡಿದವರನ್ನು ಯಾರೂ ಹೊಗಳುತ್ತಿರಲಿಲ್ಲ, ಕಡಿಮೆ ಮಾಡಿದವರನ್ನು ಯಾರೂ ತೆಗಳುತ್ತಿರಲಿಲ್ಲವೆಂಬ ಅವಳ ದಾಖಲೆ ಬೆಲೆಯುಳ್ಳದ್ದು. ಪಶ್ಚಿಮದ ಸಭೆಯಲ್ಲಿ ಆರು ವಾರಗಳಿಂದ ಭಾನುವಾರಗಳನ್ನು ಕಳೆದು 36 ದಿನಗಳಾಗುತ್ತಿದ್ದವು. ವರ್ಷದ ದಿನಗಳಲ್ಲಿ ಹತ್ತನೆಯ ಒಂದು ಭಾಗವನ್ನು ದೇವರಿಗೆ ಸಲ್ಲಿಸುವುದೆಂದು ಪೋಪ್ ಮಹಾ ಗ್ರೆಗೊರಿ ಇದಕ್ಕೆ ಅರ್ಥ ಹೇಳಿದನು. ಮುಂದೆ ನಾಲ್ಕು ದಿನ ಸೇರಿ ಬುಧವಾರದಿಂದ ವ್ರತ ಆರಂಭವಾಯಿತು. ಮಿಲಾನಿನ ಆಂಬ್ರೋಸಿಯನ್ ವಿಧಿಯಲ್ಲಿ ಇಂದಿಗೂ ಅದು ಭಾನುವಾರವೇ ಆರಂಭವಾಗುತ್ತದೆ. ಕೇರಳ ಮೂಲದ ಸಿರೋ-ಮಲಬಾರ್ ಸಭೆಯಲ್ಲಿ ಬೂದಿ ಹಚ್ಚುವ ದಿನ ಸೋಮವಾರ.

4. ಪಥ್ಯದ ನಿಯಮ ಮತ್ತು ಅದರ ಬಿಕ್ಕಟ್ಟು

ಬಿಟ್ಟ ಊಟಕ್ಕೂ ಬಡವನಿಗೂ ಇರುವ ಸಂಬಂಧವನ್ನು ಆರಂಭದ ಗ್ರಂಥಗಳು ಸ್ಪಷ್ಟವಾಗಿ ಹೇಳುತ್ತವೆ. ಹಸಿದವನೊಂದಿಗೆ ರೊಟ್ಟಿಯನ್ನು ಹಂಚಿಕೊಳ್ಳದ ಉಪವಾಸವನ್ನು ದೇವರು ಒಪ್ಪುವುದಿಲ್ಲವೆಂಬುದು ಯೆಶಾಯನ ಗ್ರಂಥದ 58ನೇ ಅಧ್ಯಾಯದ ನಿಲುವು. 2ನೇ ಶತಮಾನದ 'ಹೆರ್ಮಾಸನ ಕುರುಬ' ಎಂಬ ಕೃತಿ ಇದನ್ನು ಲೆಕ್ಕಾಚಾರದ ಮಟ್ಟಕ್ಕೆ ಇಳಿಸಿ ಹೇಳುತ್ತದೆ. ಉಪವಾಸದ ದಿನ ರೊಟ್ಟಿ ಮತ್ತು ನೀರನ್ನಷ್ಟೇ ಸೇವಿಸಿ, ಬೇರೆ ದಿನಗಳಲ್ಲಿ ಊಟಕ್ಕೆ ಆಗುತ್ತಿದ್ದ ವೆಚ್ಚವನ್ನು ಎಣಿಸಿ, ಆ ಮೊತ್ತವನ್ನು ವಿಧವೆಗೋ ಅನಾಥನಿಗೋ ಬಡವನಿಗೋ ಕೊಡಬೇಕೆಂದು ಅದು ವಿಧಿಸುತ್ತದೆ. ಪ್ರಾರ್ಥನೆ, ಉಪವಾಸ, ದಾನ ಈ ಮೂರೂ ಒಂದನ್ನೊಂದು ಬಿಟ್ಟಿರಲಾರದವು ಎಂಬ ಮುಂದಿನ ಬೋಧನೆಗೆ ಇದು ತಳಹದಿ.

ಮಧ್ಯಯುಗದ ಯೂರೋಪಿನಲ್ಲಿ ಈ ವ್ರತ ಇಡೀ ಸಮಾಜದ ಶಾಸನವಾದಾಗ ಗಮನ ಬೇರೆಡೆಗೆ ಹರಿಯಿತು. ಯಾವುದನ್ನು ತಿನ್ನಬಹುದು, ಯಾವ ಹೊತ್ತಿಗೆ ತಿನ್ನಬಹುದು ಎಂಬ ಪ್ರಶ್ನೆಗಳು ಮೇಲುಗೈ ಪಡೆದವು. ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ನಿಷಿದ್ಧವಾದವು, ಮೀನು ನಿಷಿದ್ಧವಾಗಲಿಲ್ಲ. ಸಂಜೆಯ ಪ್ರಾರ್ಥನೆಯ ಅನಂತರ ಮಾಡಬೇಕಾಗಿದ್ದ ಒಂದೇ ಊಟ ಕ್ರಮೇಣ ಮಧ್ಯಾಹ್ನಕ್ಕೆ ಸರಿಯಿತು. ಆಗ ರಾತ್ರಿಗೆ ಅಲ್ಪಾಹಾರ ಬೇಕಾಯಿತು. ಮಠಗಳಲ್ಲಿ ಸಂಜೆ ಓದುತ್ತಿದ್ದ ಕ್ಯಾಸಿಯನ್ನನ ಸಂವಾದಗ್ರಂಥದ ಲ್ಯಾಟಿನ್ ಹೆಸರಿನಿಂದಲೇ ಆ ಅಲ್ಪಾಹಾರ 'ಕೊಲೇಶನ್' ಎನಿಸಿಕೊಂಡಿತು. ನಿಯಮವಿದ್ದಲ್ಲಿ ನಿಯಮದೊಳಗೇ ಬಿಡುವನ್ನು ಹುಡುಕುವ ಪ್ರವೃತ್ತಿ ಒಂದೇ ಧರ್ಮಕ್ಕೆ ಸೀಮಿತವಾದುದಲ್ಲ. ಮೇಲೆ ಹೇಳಿದ ಶತಪಥ ಬ್ರಾಹ್ಮಣದ ಪ್ರಸಂಗದಲ್ಲೇ ಯಾಜ್ಞವಲ್ಕ್ಯನು ತಿಂದರೂ ತಿಂದಂತೆ ಎಣಿಕೆಗೆ ಬಾರದ ಕಾಡಿನ ಆಹಾರವನ್ನು ಸೂಚಿಸುತ್ತಾನೆ.

ವಿನಾಯಿತಿ ಹಣಕ್ಕೆ ದೊರೆಯತೊಡಗಿದಾಗ ಬಿಕ್ಕಟ್ಟು ತೀವ್ರವಾಯಿತು. ಆಲಿವ್ ಎಣ್ಣೆ ಬೆಳೆಯದ ಉತ್ತರ ಯೂರೋಪಿನವರಿಗೆ ಬೆಣ್ಣೆ ತಿನ್ನುವ ಅನುಮತಿ ಕಾಣಿಕೆಯ ಮೇಲೆ ಸಿಗುತ್ತಿತ್ತು. ಫ್ರಾನ್ಸಿನ ರೂಆನ್ ನಗರದ ಪ್ರಧಾನ ದೇವಾಲಯದ ಒಂದು ಗೋಪುರ ಇಂಥ ಕಾಣಿಕೆಯಿಂದಾಗಿ 'ಬೆಣ್ಣೆ ಗೋಪುರ'ವೆಂದು ಹೆಸರಾಗಿದೆ. ಬಡವನಿಗೆ ಸಲ್ಲಬೇಕಾದ ಬೆಲೆ ಕಲ್ಲಿನ ಕಟ್ಟಡಕ್ಕೆ ಸಂದಿತು. 1520ರಲ್ಲಿ ಲೂಥರನು ಈ ಪದ್ಧತಿಯನ್ನು ಕಟುವಾಗಿ ಟೀಕಿಸಿದನು. 1522ರ ಲೆಂಟ್ ಕಾಲದಲ್ಲಿ ಜ್ಯೂರಿಕ್ ನಗರದ ಮುದ್ರಣಕಾರ ಫ್ರೋಶೌವರನ ಮನೆಯಲ್ಲಿ ಕೆಲವರು ಮಾಂಸದ ಸಾಸೇಜು ತಿಂದರು. ಕೆಲಸದ ಒತ್ತಡದಲ್ಲಿ ದುಡಿಯುವವರಿಗೆ ತಕ್ಕ ಆಹಾರ ಬೇಕೆಂಬುದು ಅವನ ಸಮರ್ಥನೆಯಾಗಿತ್ತು. ಅಲ್ಲಿದ್ದೂ ತಾನು ತಿನ್ನದ ಜ್ವಿಂಗ್ಲಿಯು ಆಹಾರದ ಆಯ್ಕೆಯ ಸ್ವಾತಂತ್ರ್ಯವನ್ನು ಕುರಿತು ಪ್ರವಚನ ನೀಡಿದನು. ಅದು ಸ್ವಿಸ್ ಸುಧಾರಣೆಯ ಆರಂಭದ ಘಟನೆಗಳಲ್ಲಿ ಒಂದಾಯಿತು. ಸುಧಾರಕರು ಉಪವಾಸವನ್ನೇ ನಿರಾಕರಿಸಿದರೆಂಬ ಭಾವನೆ ಸರಿಯಲ್ಲ. ಅವರು ನಿರಾಕರಿಸಿದ್ದು ಕಡ್ಡಾಯವನ್ನು ಮತ್ತು ಪುಣ್ಯಸಂಪಾದನೆಯ ಎಣಿಕೆಯನ್ನು.

ಮಧ್ಯಯುಗದ ಚಿಂತನೆಯನ್ನು ಕೇವಲ ಕುರುಡು ನಿಯಮವೆಂದು ತಳ್ಳಿಹಾಕುವಂತೆಯೂ ಇಲ್ಲ. 13ನೇ ಶತಮಾನದ ತೋಮಾಸ್ ಅಕ್ವಿನಾಸನು ಒಂದು ಹೊತ್ತಿನ ಪೂರ್ಣ ಊಟವೂ ದೊರೆಯದ ಬಡವರಿಗೆ ಉಪವಾಸದ ಕಟ್ಟಳೆ ಅನ್ವಯಿಸುವುದಿಲ್ಲವೆಂದು ವಾದಿಸಿದ್ದಾನೆ. ಉಪವಾಸ ಉಳ್ಳವರ ಕರ್ತವ್ಯ. ಇಲ್ಲದವರ ಹಸಿವು ವ್ರತವಲ್ಲ. ಈ ಭೇದವನ್ನು ಗುರುತಿಸಿದ್ದು ಆ ಚಿಂತನೆಯ ಹಿರಿಮೆ.

5. ಕಾಣುವ ಬೂದಿ, ಕಾಣದ ಉಪವಾಸ

ತಪಸ್ಸುಕಾಲದ ಮೊದಲ ದಿನ ಹಿಂದಿನ ವರ್ಷದ ಗರಿಗಳ ಭಾನುವಾರದ ಒಣಗಿದ ಗರಿಗಳನ್ನು ಸುಟ್ಟು ಮಾಡಿದ ಬೂದಿಯನ್ನು ಭಕ್ತರಿಗೆ ಹಚ್ಚುವ ರೂಢಿಯಿದೆ. ಮೊದಲು ಬಹಿರಂಗ ಪ್ರಾಯಶ್ಚಿತ್ತಕ್ಕೆ ಒಳಗಾದವರಿಗೆ ಮೀಸಲಾಗಿದ್ದ ಈ ಚಿಹ್ನೆಯನ್ನು ಎಲ್ಲರೂ ಧರಿಸಬೇಕೆಂದು 1091ರ ಬೆನೆವೆಂತೋ ಸಭೆ ವಿಧಿಸಿತು. ಪಾಪಿ ಮತ್ತು ಸಜ್ಜನ ಎಂಬ ಭೇದ ಇದರಿಂದ ಬೂದಿಯ ಮಟ್ಟಿಗೆ ಅಳಿಯಿತು.

ಕನ್ನಡದಲ್ಲಿ ಇದು 'ವಿಭೂತಿ' ಎನಿಸಿಕೊಂಡಾಗ ಅರ್ಥದ ಪಲ್ಲಟವೊಂದು ಸಂಭವಿಸಿದೆ. ಶೈವ ಪರಂಪರೆಯಲ್ಲಿ ವಿಭೂತಿ ಐಶ್ವರ್ಯದ, ಶಿವಸಾನ್ನಿಧ್ಯದ ಕುರುಹು. ವೀರಶೈವರ ಅಷ್ಟಾವರಣಗಳಲ್ಲಿ ಒಂದು. ನಿತ್ಯ ಧಾರಣೆಗೆ ಯೋಗ್ಯವಾದುದು. ಕ್ರೈಸ್ತ ಬೂದಿ ವರ್ಷಕ್ಕೊಮ್ಮೆ ಬರುವ, ಮನುಷ್ಯನು ಮಣ್ಣಿನಿಂದ ಬಂದವನೆಂಬುದನ್ನು ನೆನಪಿಸುವ ಶೋಕಚಿಹ್ನೆ. ಪದ ಒಂದೇ ಆದರೂ ಒಂದರಲ್ಲಿ ಮಹಿಮೆಯೂ ಇನ್ನೊಂದರಲ್ಲಿ ಮರ್ತ್ಯತೆಯೂ ಮುಂಚೂಣಿಯಲ್ಲಿವೆ.

ಅದೇ ದಿನದ ಪೂಜೆಯಲ್ಲಿ ಓದುವ ಸುವಾರ್ತೆ ಮತ್ತಾಯನ 6ನೇ ಅಧ್ಯಾಯದ್ದು. ಉಪವಾಸ ಮಾಡುವವನು ಮುಖ ಬಾಡಿಸಿಕೊಂಡು ಜನಕ್ಕೆ ತೋರಿಸಬಾರದು, ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದುಕೊಳ್ಳಬೇಕು ಎಂಬುದು ಅಲ್ಲಿಯ ಬೋಧೆ. ಮುಖ ತೊಳೆಯಿರಿ ಎಂದು ಕೇಳಿದ ಕೆಲವೇ ನಿಮಿಷಗಳಲ್ಲಿ ಭಕ್ತರ ಹಣೆಗೆ ಬೂದಿ ಹಚ್ಚಲಾಗುತ್ತದೆ. ಈ ವೈರುಧ್ಯ ಆಕಸ್ಮಿಕವಾಗಿ ಉಳಿದುಬಂದ ದೋಷವೆಂದು ತೋರಬಹುದು. ಆದರೆ ಬೂದಿ ಸಾರುವುದು ಮರ್ತ್ಯತೆಯನ್ನು, ಸಾಧನೆಯನ್ನಲ್ಲ. ಎಲ್ಲರ ಹಣೆಯ ಮೇಲೂ ಇರುವುದರಿಂದ ಅದು ಯಾರ ಹಿರಿಮೆಯನ್ನೂ ಹೇಳುವುದಿಲ್ಲ. ಉಪವಾಸ ಮತ್ತು ದಾನಗಳು ಮಾತ್ರ ಮರೆಯಲ್ಲಿ ನಡೆಯಬೇಕಾದವು. 6ನೇ ಶತಮಾನದ ಸಂತ ಬೆನೆಡಿಕ್ಟನ ನಿಯಮಗ್ರಂಥದ 49ನೇ ಅಧ್ಯಾಯ ಇಲ್ಲಿ ಪ್ರಸ್ತುತ. ತಪಸ್ಸುಕಾಲದಲ್ಲಿ ತಾನು ಹೆಚ್ಚಾಗಿ ಮಾಡಲಿರುವ ಸಾಧನೆಯನ್ನು ಪ್ರತಿಯೊಬ್ಬ ಮಠವಾಸಿಯೂ ಗುರುವಿಗೆ ತಿಳಿಸಿ ಒಪ್ಪಿಗೆ ಪಡೆಯಬೇಕು. ಇಲ್ಲವಾದರೆ ಅದು ಅಹಂಕಾರವೆನಿಸುತ್ತದೆ ಎಂದು ಅವನು ಎಚ್ಚರಿಸುತ್ತಾನೆ.

6. ಕನ್ನಡ ನಾಡಿನ ಸಂದರ್ಭ

17ನೇ ಶತಮಾನದ ನಡುವಿನಲ್ಲಿ ಮೈಸೂರು ಸೀಮೆಗೆ ಬಂದ ಜೆಸ್ವಿತ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿಯು ಮಧುರೆಯ ರಾಬರ್ಟ್ ಡಿ ನೊಬಿಲಿಯ ಮಾದರಿಯಂತೆ ಸಂನ್ಯಾಸಿಯ ವೇಷವನ್ನೂ ಸಸ್ಯಾಹಾರವನ್ನೂ ಸ್ವೀಕರಿಸಿದನು. ಯೂರೋಪಿನಲ್ಲಿ ನಿಯತ ದಿನಗಳ ಪ್ರಾಯಶ್ಚಿತ್ತವಾಗಿದ್ದ ಮಾಂಸತ್ಯಾಗ ಇಲ್ಲಿ ಗುರುವಿನ ಗೌರವಕ್ಕೆ ಬೇಕಾದ ನಿತ್ಯದ ಲಕ್ಷಣವಾಯಿತು. ಆಹಾರವು ಜಾತಿಶ್ರೇಣಿಯನ್ನು ಸೂಚಿಸುವ ಸಮಾಜದಲ್ಲಿ ಒಂದೇ ವರ್ಜನೆಗೆ ಬೇರೆ ಅರ್ಥ ಬರುವುದು ಇದರಿಂದ ಸ್ಪಷ್ಟವಾಗುತ್ತದೆ. ಹುಟ್ಟಿನಿಂದ ಸಸ್ಯಾಹಾರಿಯಾದವನಿಗೆ ಮಾಂಸ ಬಿಡುವುದು ತ್ಯಾಗವಲ್ಲ. ಅಪರೂಪಕ್ಕೊಮ್ಮೆ ಮಾಂಸ ಕಾಣುವ ಕೂಲಿಯ ಮನೆಗೂ ಅದು ಅಷ್ಟಾಗಿ ತಾಗುವುದಿಲ್ಲ. ಮೀನು ನಿತ್ಯದ ಆಹಾರವಾಗಿರುವ ಕರಾವಳಿಯಲ್ಲಿ ಮಾಂಸ ಬಿಟ್ಟು ಮೀನು ತಿನ್ನುವುದರಲ್ಲಿ ವಿಶೇಷವೇನೂ ಇಲ್ಲ.

ಈ ಬಗೆಯ ತೊಡಕುಗಳಿಗೆ 20ನೇ ಶತಮಾನದ ಸುಧಾರಣೆಗಳಲ್ಲಿ ಅವಕಾಶ ದೊರೆತಿದೆ. ತಪಸ್ಸು ಕೇವಲ ಆಂತರಿಕ, ವೈಯಕ್ತಿಕವಾಗದೆ ಬಾಹ್ಯವೂ ಸಾಮಾಜಿಕವೂ ಆಗಬೇಕೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಪೂಜಾವಿಧಿ ಸಂವಿಧಾನದಲ್ಲಿ ಹೇಳಿತು. 1966ರಲ್ಲಿ ಆರನೆಯ ಪೌಲನು ನಿಯಮಗಳನ್ನು ಮರುರೂಪಿಸಿದನು. 1983ರ ಕಥೋಲಿಕ ಧರ್ಮಸಭೆಯ ಶಾಸನಸಂಹಿತೆಯಂತೆ ಕಡ್ಡಾಯ ಉಪವಾಸ ಉಳಿದಿರುವುದು ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ ಈ ಎರಡು ದಿನಗಳಿಗೆ ಮಾತ್ರ. ಮಾಂಸದ ಬದಲು ಬೇರೆ ಆಹಾರವನ್ನು ಗೊತ್ತುಪಡಿಸುವ, ಉಪವಾಸದ ಬದಲು ದಾನಕಾರ್ಯಗಳನ್ನು ವಿಧಿಸುವ ಅಧಿಕಾರ ಆಯಾ ದೇಶದ ಧರ್ಮಾಧ್ಯಕ್ಷರ ಮಂಡಲಿಗಿದೆ. ಜರ್ಮನಿಯ ಕಥೋಲಿಕ ಧರ್ಮಾಧ್ಯಕ್ಷರು 1958ರಲ್ಲಿ ಸ್ಥಾಪಿಸಿದ 'ಮಿಸೆರಿಯೋರ್' ಸಂಸ್ಥೆ ತಪಸ್ಸುಕಾಲದ ಉಳಿತಾಯವನ್ನು ಹಸಿವಿನ ನಿವಾರಣೆಗೆ ಬಳಸುವ ಉದ್ದೇಶದಿಂದಲೇ ಹುಟ್ಟಿತು. ಹೆರ್ಮಾಸನ ಲೆಕ್ಕಾಚಾರ ಹದಿನೆಂಟು ಶತಮಾನಗಳ ಅನಂತರ ಸಾಂಸ್ಥಿಕ ರೂಪ ಪಡೆದದ್ದನ್ನು ಇಲ್ಲಿ ಕಾಣಬಹುದು.

ಪೂರ್ವದ ಪರಂಪರೆಗಳು ಪಥ್ಯವನ್ನು ಇಷ್ಟು ಸಡಿಲಿಸಿಲ್ಲ. ಮಾಂಸ, ಮೊಟ್ಟೆ, ಹಾಲಿನ ಪದಾರ್ಥಗಳನ್ನು ವ್ರತಾವಧಿಯುದ್ದಕ್ಕೂ ಬಿಡುವ ಕ್ರಮ ಆರ್ಥೊಡಾಕ್ಸ್ ಸಭೆಗಳಲ್ಲಿ ಇಂದಿಗೂ ಇದೆ. ಕೇರಳದಿಂದ ಬಂದು ನೆಲೆಸಿದವರಿಗಾಗಿ 1999ರಲ್ಲಿ ಸಿರೋ-ಮಲಬಾರ್ ಧರ್ಮಪ್ರಾಂತ್ಯವೇ ಸ್ಥಾಪನೆಯಾದ ಬೆಳ್ತಂಗಡಿಯಂಥ ಕಡೆಗಳಲ್ಲಿ ಕೊಂಕಣಿಯ ಕರೆಜ್ಮ್, ಕನ್ನಡದ ತಪಸ್ಸುಕಾಲ, ಮಲೆಯಾಳದ ನೋಂಬು ಒಂದೇ ಪರಿಸರದಲ್ಲಿ ಕೇಳಿಬರುತ್ತವೆ. ಬಹುಭಾಷಿಕ ಧಾರ್ಮಿಕ ಪರಿಭಾಷೆಯ ಅಧ್ಯಯನಕ್ಕೆ ಇದು ಯೋಗ್ಯ ಕ್ಷೇತ್ರ.

7. ಸಮಾರೋಪ

ಮೇಲಿನ ವಿವೇಚನೆಯಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಕ್ರೈಸ್ತ ಉಪವಾಸದ ಸ್ಥಿರವಾದ ಅಂಶ ಅದರ ಆಹಾರನಿಯಮವಲ್ಲ. ದಿನಗಳ ಸಂಖ್ಯೆ, ವರ್ಜ್ಯ ಪದಾರ್ಥಗಳು, ಊಟದ ಹೊತ್ತು ಎಲ್ಲವೂ ಕಾಲದೇಶಗಳಿಗೆ ತಕ್ಕಂತೆ ಬದಲಾಗಿವೆ. ಬದಲಾಗದೆ ಉಳಿದಿರುವುದು ಪ್ರಾರ್ಥನೆ ಮತ್ತು ದಾನಗಳೊಂದಿಗೆ ಅದಕ್ಕಿರುವ ಬಂಧ. ಎರಡನೆಯದು, ಕನ್ನಡವು ಈ ಆಚರಣೆಗೆ ನೀಡಿದ ಪದ ತಪ್ಪು ಅನುವಾದವೆಂದು ಭಾವಿಸಬೇಕಾಗಿಲ್ಲ. ಸಮೀಪಕ್ಕೆ ಬಂದ ಅತಿಥಿ ಉಣ್ಣುವ ಮೊದಲು ತಾನು ಉಣ್ಣಬಾರದೆಂಬ ವಿವೇಕ ಉಪವಾಸ ಪದದ ಹಳೆಯ ವಿವರಣೆಯಲ್ಲಿದೆ. ಹಸಿದವನಲ್ಲಿ ಮದಲಿಂಗನನ್ನು ಕಾಣುವ ಕ್ರೈಸ್ತ ಭಾವನೆಗೂ ಅದಕ್ಕೂ ನಂಟು ಕಲ್ಪಿಸಬಹುದು. ಎರಡು ಪರಂಪರೆಗಳ ಕಾರಣಗಳು ಬೇರೆಯಾದರೂ ಎರಡರಲ್ಲೂ ಮೊದಲ ತುತ್ತು ತನ್ನದಲ್ಲ. ಆ ತುತ್ತು ಯಾರ ಎಲೆಗೆ ಹೋಯಿತೆಂಬುದರ ಮೇಲೆಯೇ ಉಪವಾಸದ ಸಾರ್ಥಕತೆ ನಿಂತಿದೆ.